ಒಂದೆರಡು ಅನ್ನುವುದು ಲೆಕ್ಕವಲ್ಲ

ಅವರಿಗೆ ಬಹಳ ಜಂಬ ಎಂದು ನಾನು ಮೊದಲು ಕೇಳಿದ್ದು ಅಮೆರಿಕದ ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಯೊಂದರಲ್ಲಿ, ಬದನೆಕಾಯಿ ರಾಶಿಯ ಮುಂದೆ ನಿಂತು. ಹೇಳಿದವರು ಅಲ್ಫರೆಟಾದಲ್ಲಿ ನಮ್ಮ ಹಿಂದಿನ ಬೀದಿಯ ಒಬ್ಬ ಆಂಟಿ. ಅವರು ಕಣ್ಣಿನಲ್ಲೇ ಆಚೆ ತೋರಿಸಿದರು. ತಿಳಿನೀಲಿ ಸಲ್ವಾರ್, ತಲೆಯ ಮೇಲೆ ತೆಳು ದುಪಟ್ಟಾ, ಕಾಲಿಗೆ ಓಟದ ಬೂಟು. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಕೊತ್ತಂಬರಿ ಕಟ್ಟನ್ನು ಮೂಸಿ ನೋಡುತ್ತಿದ್ದರು.

"ಅವ್ರೇ ನೋಡಿ. ಮೈಸೂರಿನವ್ರು. ಕನ್ನಡ ನಮಗಿಂತ ಚೆನ್ನಾಗಿ ಬರುತ್ತೆ. ಆದ್ರೆ ಎದುರಿಗೆ ಸಿಕ್ಕಿದ್ರೂ ಒಂದು ಹಾಯ್ ಇಲ್ಲ, ಹಲೋ ಇಲ್ಲ. ಯಾವಾಗ್ಲೂ ನಾವೇ ಮಾತಾಡಿಸ್ಬೇಕು. ಅಷ್ಟು ಆಟಿಟ್ಯೂಡು."

ನಾನು ನೋಡಿದೆ. ಅವರೂ ನನ್ನನ್ನು ನೋಡಿದರು, ಆಂಟಿಯನ್ನು ನೋಡಿದರು, ಕೊತ್ತಂಬರಿಯನ್ನು ಗಾಡಿಗೆ ಹಾಕಿಕೊಂಡು ಹೊರಟೇಹೋದರು. ಜಂಬವೇ ಸರಿ ಎಂದು ನಾನೂ ತೀರ್ಮಾನಿಸಿದೆ. ತೀರ್ಮಾನಕ್ಕೆ ನಾನು ಯಾವಾಗಲೂ ಮುಂದೆ; ಹುಬ್ಬಳ್ಳಿಯ ಹೆಣ್ಣು, ಬಾಯಿ ಮೊದಲು ಓಡುತ್ತದೆ, ತಲೆ ಆಮೇಲೆ ನಡೆದುಕೊಂಡು ಬರುತ್ತದೆ.

ಎರಡು ವರ್ಷದ ನಂತರ ಅದೇ ಹೆಂಗಸಿನ ಮುಂದೆ ನೋಟ್‌ಬುಕ್ ಹಿಡಿದು ಕೂರುವ ದಿನ ಬಂತು. ಕೋವಿಡ್ ಕಾಲದಲ್ಲಿ ನಮ್ಮ ಬೀದಿಯಲ್ಲಿ ಕಸದ ಡಬ್ಬಿಗಳನ್ನು ರಸ್ತೆಗೆ ಎಳೆಯುವಾಗ ಖಾಲಿ ಬಾಟಲಿಗಳ ಸದ್ದು ಜೋರಾಗುತ್ತಾ ಹೋಯಿತು. ಎಲ್ಲರ ಕಿವಿಗೂ ಬೀಳುತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಮಕ್ಕಳು ಹೈಸ್ಕೂಲಿಗೆ ಬಂದಿದ್ದರು, ಗಂಡ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನೊಂದಿಗೆ ಸಂಸಾರ ಹೂಡಿದ್ದ. ನಲವತ್ತಮೂರನೆಯ ವಯಸ್ಸಿನಲ್ಲಿ ನಾನು ಎಂ.ಎಸ್.ಡಬ್ಲ್ಯು.ಗೆ ಸೇರಿದೆ; ಕುಡಿತ, ಮಾದಕ ವಸ್ತುಗಳ ಚಟದಿಂದ ಹೊರಬರುವವರಿಗೆ ಸಲಹೆಗಾರಳಾಗುವ ತರಬೇತಿ. ಹುಬ್ಬಳ್ಳಿಯಿಂದ ಅವ್ವ ಫೋನಿನಲ್ಲೇ ಹಣೆ ಚಚ್ಚಿಕೊಂಡಳು. "ಕುಡದವ್ರ ಜೋಡಿ ಮಾತಾಡೂದು ಕಲಿಯಾಕ ಅಮೆರಿಕಾದಾಗ ಕಾಲೇಜ್ ಬೇಕಾತೇನ? ನಿಮ್ಮ ಮಾಮಾನ ಜೋಡಿ ಮಾತಾಡಿ ರೂಢಿ ಇದ್ದೇ ಇತ್ತಲ್ಲ!"

ಎರಡನೆಯ ವರ್ಷ ಕ್ಲಾಸಿನ ಜೊತೆಗೆ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡಬೇಕು, ಅಲ್ಲಿ ಅನುಭವಸ್ಥರೊಬ್ಬರು ನಮ್ಮ ಮೇಲೆ ಕಣ್ಣಿಟ್ಟಿರಬೇಕು. ನನಗೆ ಸಿಕ್ಕ ಕ್ಲಿನಿಕ್ಕು ನಾರ್‌ಕ್ರಾಸ್‌ನಲ್ಲಿ, ಹಲ್ಲಿನ ಡಾಕ್ಟರ ಅಂಗಡಿಗೂ ಟ್ಯಾಕ್ಸ್ ಫೈಲ್ ಮಾಡಿಕೊಡುವವರ ಅಂಗಡಿಗೂ ನಡುವೆ ಇತ್ತು. ಸಿಕ್ಕ ಸೂಪರ್‌ವೈಸರ್ ಆ ಕೊತ್ತಂಬರಿಯ ಹೆಂಗಸು.

ಮೊದಲ ದಿನ ಡಬ್ಬಿಯಲ್ಲಿ ಚಕ್ಕುಲಿ ತೆಗೆದುಕೊಂಡು ಹೋದೆ. ಅವರು ಒಂದು ತೆಗೆದು ಮುರಿದರು, ತಿಂದರು, ಚೆನ್ನಾಗಿದೆ ಎನ್ನಲಿಲ್ಲ. ನಾನು ಸುಮ್ಮನಿರಲಾರದೆ, "ಮೇಡಂ, ನಾನು ನಿಮ್ಮನ್ನ ಅಂಗಡಿಯಲ್ಲಿ ನೋಡಿದ್ದೆ" ಎಂದೆ.

"ನಾನೂ ನೋಡಿದ್ದೆ."

"ನೀವು ಮಾತಾಡಿಸಲಿಲ್ಲ."

ಅವರು ನಕ್ಕರು. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. "ಆ ಅಂಗಡೀಲಿ ನನ್ನ ಕ್ಲೈಂಟ್‌ಗಳೂ ತರಕಾರಿ ತಗೋತಾರಮ್ಮಾ. ನಾನು ಒಬ್ಬರಿಗೆ ನಮಸ್ಕಾರ ಅಂದ್ರೆ ಪಕ್ಕದಲ್ಲಿರೋ ತಂಗಿನೋ ಅತ್ತೆನೋ ಕೇಳ್ತಾರೆ, ಇವ್ರು ಹೇಗೆ ಪರಿಚಯ ಅಂತ. ಏನು ಹೇಳ್ಬೇಕು ಅವ್ರು? ಸರಿ, ಕ್ಲೈಂಟ್‌ಗಳನ್ನ ಬಿಟ್ಟು ಮಿಕ್ಕವರಿಗೆಲ್ಲ ನಮಸ್ಕಾರ ಹೇಳ್ತೀನಿ ಅನ್ನಿ. ಆಗ ಯಾರಿಗೆ ಹೇಳಲ್ಲವೋ ಅವ್ರು ಯಾರು ಅಂತ ಊರಿಗೇ ಗೊತ್ತಾಗುತ್ತೆ. ಅದಕ್ಕೇ ಯಾರನ್ನೂ ಮೊದಲು ಮಾತಾಡಿಸಲ್ಲ. ಇಪ್ಪತ್ತು ವರ್ಷ ಆಯ್ತು."

"ಜನ ಜಂಬ ಅಂತಾರೆ, ಮೇಡಂ."

"ಅನ್ನಲಿ. ನನಗೆ ಆ ಹೆಸರಿದ್ರೆ ಅವರಿಗೆ ಬೇರೆ ಹೆಸರು ಬರಲ್ಲ."

ಅಂಗಡಿಯಲ್ಲಿ ನಾನು ಕೊಟ್ಟ ತೀರ್ಪು ನೆನಪಾಗಿ ಕಿವಿ ಬಿಸಿಯಾಯಿತು. ಇಪ್ಪತ್ತು ವರ್ಷ ಇಡೀ ಕನ್ನಡದ ಜನರ ಬಾಯಲ್ಲಿ ಜಂಬಗಾತಿ ಅನ್ನಿಸಿಕೊಂಡು, ಒಬ್ಬರಿಗೂ ಕಾರಣ ಹೇಳದೆ ಬದುಕುವುದು ನನ್ನಂಥವಳ ಕೈಲಿ ಒಂದು ವಾರವೂ ಆಗದು.

ಕ್ಲಿನಿಕ್ಕಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ಇಪ್ಪತ್ತರ ರಿಸೆಪ್ಷನಿಸ್ಟ್ ಹುಡುಗಿ ಕೂಡ. ನನ್ನ ನಾಲಿಗೆ ಹೊರಳಲಿಲ್ಲ. ಮೇಡಂ ಎನ್ನುತ್ತಿದ್ದೆ. "ಇದೇನು ಮೈಸೂರು ಹೈಸ್ಕೂಲಾ?" ಎಂದು ಎರಡು ವಾರ ಗದರಿಸಿ ಬಿಟ್ಟುಬಿಟ್ಟರು. ಹೈಸ್ಕೂಲಿನ ಮಾತು ಸುಮ್ಮನೆ ಬಂದದ್ದಲ್ಲ. ಮದುವೆಯಾಗಿ ಅಟ್ಲಾಂಟಾಕ್ಕೆ ಬರುವ ಮೊದಲು ಅವರು ಅಲ್ಲಿ ಸೈನ್ಸ್ ಟೀಚರ್ ಆಗಿದ್ದವರು.

ಅವರ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಕ್ಲೈಂಟ್ ಕೂರುವ ಕುರ್ಚಿಯ ಹಿಂದೆ ಗೋಡೆ ಗಡಿಯಾರ. ಗಂಟೆ ನೋಡಬೇಕಾದದ್ದು ನಮ್ಮ ಕೆಲಸ, ಅವರದ್ದಲ್ಲ ಎಂಬುದು ಅದರ ಅರ್ಥ. ಯಾರಾದರೂ ಮಾತು ನಿಲ್ಲಿಸಿ ಸುಮ್ಮನಾದರೆ ಮೇಡಂ ಕೂಡ ಸುಮ್ಮನಾಗುತ್ತಿದ್ದರು. ಆಗ ಅವರ ಬಲಗೈ ಮಡಿಲಲ್ಲಿರುತ್ತಿತ್ತು, ಹೆಬ್ಬೆರಳು ಮಾತ್ರ ಮಿಕ್ಕ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ನಮಾಜು ಮುಗಿದ ಮೇಲೆ ಮೂವತ್ತಮೂರು ಸಲ ದೇವರ ನಾಮ ಎಣಿಸುವ ಹಾಗೆ.

"ಮೂವತ್ತಮೂರು ಆಗೋ ತನಕ ನಾನು ಬಾಯಿ ಬಿಡಲ್ಲ" ಎಂದರು ಒಮ್ಮೆ. "ಇಪ್ಪತ್ತರ ಮೇಲೆ ಯಾರೂ ತಡ್ಕೊಳ್ಳಲ್ಲ, ನಿಜ ಹೇಳ್ಬಿಡ್ತಾರೆ. ನೀವು ನಾಲ್ಕಕ್ಕೇ ಬಾಯಿ ಹಾಕ್ತೀರಿ."

ಸುಳ್ಳು. ನಾನು ಮೂರಕ್ಕೇ ಹಾಕುತ್ತಿದ್ದೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವರೊಂದಿಗೆ ಒಂದು ಗಂಟೆ ನನ್ನ ಪಾಠ. ಅದಕ್ಕೆ ಮೊದಲು, ಆ ವಾರದ ಒಂದು ಭೇಟಿಯನ್ನು ನೆನಪಿನಿಂದ ಸಾಲು ಸಾಲಾಗಿ ಬರೆದು ತರಬೇಕು. ಕಾಗದದಲ್ಲಿ ನಾಲ್ಕು ಕಾಲಂ. ಅವರು ಹೇಳಿದ್ದು, ನಾನು ಹೇಳಿದ್ದು, ಆಗ ನನ್ನ ಮನಸ್ಸಿನಲ್ಲಿ ಆದದ್ದು. ಮೂರನೆಯದಕ್ಕೆ ಮೇಡಂ "ಹೊಟ್ಟೆ ಕಾಲಂ" ಎನ್ನುತ್ತಿದ್ದರು, "ಮನಸ್ಸು ಸುಳ್ಳು ಹೇಳುತ್ತೆ, ಹೊಟ್ಟೇಲಿ ಏನಾಯ್ತು ಅದನ್ನ ಬರೀರಿ." ನಾಲ್ಕನೆಯದು ಖಾಲಿ, ಅವರ ಪೆನ್ಸಿಲಿಗೆ.

ಮೊದಲನೆಯ ಸಲ ನಾನು ಸೊಗಸಾಗಿ ಬರೆದು ತಂದೆ. ಕ್ಲೈಂಟ್ ಒಂದು ಮಾತು ಹೇಳಿದರೆ ನನ್ನ ಉತ್ತರ ನಾಲ್ಕು ಸಾಲು, ಅಷ್ಟು ತಿಳಿವಳಿಕೆ, ಅಷ್ಟು ಕರುಣೆ. ಮೇಡಂ ಕನ್ನಡಕ ಮೇಲೇರಿಸಿ ಓದಿದರು. ನಾಲ್ಕನೆಯ ಕಾಲಮ್ಮಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದರು. ಅಂದಿನಿಂದ ಎರಡು ಸೆಮಿಸ್ಟರ್ ಆ ಒಂದೇ ಸಾಲು ಎಷ್ಟು ಸಲ ನೋಡಿದೆನೋ: "ಇದು ನೀವು ಹೇಳಿದ್ದಾ, ಹೇಳಬೇಕಾಗಿತ್ತು ಅಂತ ಆಮೇಲೆ ಅನ್ನಿಸಿದ್ದಾ?"

ಅವರು ದೇವತೆಯೇನಲ್ಲ. ಹೊಗಳಿಕೆಯಲ್ಲಿ ಮಹಾ ಜಿಪುಣಿ. ಹೈವೇಯಲ್ಲಿ ಐವತ್ತು ಮೈಲಿಗಿಂತ ಮೇಲೆ ಗಾಡಿ ಓಡಿಸುತ್ತಿರಲಿಲ್ಲ, ಅವರ ಹಿಂದೆ ಯಾವಾಗಲೂ ಒಂದು ಹಾರ್ನ್ ಮೆರವಣಿಗೆ. ಮಧ್ಯಾಹ್ನ ಯಾರೊಂದಿಗೂ ಊಟ ಮಾಡದೆ ಪಾರ್ಕಿಂಗ್ ಲಾಟಿಗೆ ಹೋಗಿ, ಕಾರಿನ ಸೀಟು ಹಿಂದಕ್ಕೆ ಚಾಚಿ, ಮೊಸರನ್ನದ ಡಬ್ಬಿ ಎದೆಯ ಮೇಲಿಟ್ಟುಕೊಂಡು ತಿನ್ನುತ್ತಿದ್ದರು. ನಾನು ಒಂದು ದಿನ ಕಿಟಕಿ ತಟ್ಟಿ ಜೊತೆಗೆ ಬರಲೇ ಎಂದೆ. ಗಾಜು ಎರಡು ಬೆರಳು ಇಳಿಸಿ, "ಹದಿನೈದು ನಿಮಿಷ ನನಗೆ ಯಾರ ಕಥೆನೂ ಬೇಡ, ನಿಮ್ಮದೂ ಬೇಡ" ಎಂದು ಮತ್ತೆ ಏರಿಸಿದರು. ಸಿಟ್ಟು ಬಂತು. ಈಗ ನಾನೂ ಕಾರಿನಲ್ಲೇ ಊಟ ಮಾಡುತ್ತೇನೆ.

ಇನ್ನು ಆ ವರ್ಷದ ಬೇಸಿಗೆಯ ವಿಷಯ. ಇದರಲ್ಲಿ ಬರುವ ಹಿರಿಯರ ಊರು, ಕೆಲಸ, ಮನೆಯ ವಿವರಗಳನ್ನು ನಾನು ಬದಲಿಸಿದ್ದೇನೆ. ನನ್ನ ತಪ್ಪನ್ನು ಬದಲಿಸಿಲ್ಲ.

ಅರವತ್ತು ದಾಟಿದ ಎಂಜಿನಿಯರ್. ಕುಡಿದು ಗಾಡಿ ಓಡಿಸಿ ಪೊಲೀಸರಿಗೆ ಸಿಕ್ಕಿ, ಕೋರ್ಟು ಅವರನ್ನು ನಮ್ಮ ಕ್ಲಿನಿಕ್ಕಿಗೆ ಕಳಿಸಿತ್ತು. ಕನ್ನಡ ಬರುವವರು ಇದ್ದಾರೆ ಎಂದಾಗ ಅವರಾಗಿಯೇ ನನ್ನನ್ನೇ ಬೇಕೆಂದು ಕೇಳಿದರು. ನಾನು ಬಾಗಿಲು ತೆಗೆದು ಬರಮಾಡಿಕೊಂಡಾಗ ಅವರ ಮೊದಲ ಪ್ರಶ್ನೆ, "ಯಾವೂರ್ರೀ?"

"ಹುಬ್ಬಳ್ಳಿ ರೀ."

"ಹೌದs! ನಾವು ಗದಗಿನ ಕಡೆಯವ್ರು. ನೀ ನಮ್ಮ ಮಗಳಿದ್ದಂಗ ಬಿಡವಾ."

ಅಲ್ಲಿಗೆ ಮುಗಿಯಿತು. ಅಂಕಲ್ ಎಂದು ಶುರು ಮಾಡಿದವಳು ಹತ್ತು ನಿಮಿಷದಲ್ಲಿ ಕಾಕಾ ಎನ್ನುತ್ತಿದ್ದೆ. ಖಡಕ್ ರೊಟ್ಟಿ, ಗದಗಿನ ಬಿಸಿಲು, ಅವರ ಮಗಳ ಮದುವೆ, ನನ್ನ ಅವ್ವನ ಮೊಣಕಾಲು ಎಲ್ಲ ಬಂದವು. ಬರಬೇಕಾದದ್ದು ಒಂದು, ಅದು ಬರಲಿಲ್ಲ. ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ತಂದೆಯ ವಯಸ್ಸಿನವರನ್ನು, ಅದೂ ನಮ್ಮ ಕಡೆಯವರನ್ನು, ಕಣ್ಣಲ್ಲಿ ಕಣ್ಣಿಟ್ಟು ಹೇಗೆ ಕೇಳುವುದು? ಸುತ್ತು ಬಳಸಿ, "ಕಾಕಾ, ಯಾವಾಗರೆ ಒಮ್ಮೆ ತಗೋತೀರೇನ್ರೀ?" ಎಂದೆ. ನಾನೇ ಉತ್ತರವನ್ನೂ ಬಾಯಿಗಿಟ್ಟ ಹಾಗೆ.

"ಹ್ಞೂಂ, ಹಂಗs. ವೀಕೆಂಡಿಗೆ ಒಂದೆರಡು ಪೆಗ್ಗು. ಅಷ್ಟs."

ಕೋರ್ಟಿನ ಕಾಗದದಲ್ಲೂ ಅವರು ಅದನ್ನೇ ಹೇಳಿದ್ದರು. ನಾನು ಒಂದೆರಡು ಎಂದು ಬರೆದುಕೊಂಡೆ. ಮೂರು ವಾರ ಅವರು ಬಂದರು, ಮೂರು ವಾರವೂ ನನ್ನ ಕಾಗದದಲ್ಲಿ ಒಂದೆರಡು.

ನಾಲ್ಕನೆಯ ವಾರ ಶ್ರಾವಣ ಬಂತು. ಮಂಗಳವಾರ ಹಿಡಿದದ್ದು. ಬುಧವಾರ ಸಂಜೆ ನಾಲ್ಕಕ್ಕೆ ಕಾಕಾ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬಂದು ಕೂತರು.

"ಬಿಟ್ಟೆನವಾ. ಶ್ರಾವಣ ಮುಗಿಯೂತನ ಮುಟ್ಟಂಗಿಲ್ಲ ಅಂತ ಆಣಿ ಮಾಡೀನಿ. ನಿನ್ನಿಯಿಂದ ಒಂದು ಹನಿ ಇಲ್ಲ."

ನನಗೆ ಎಷ್ಟು ಖುಷಿಯಾಯಿತೆಂದರೆ, ಕಣ್ಣಲ್ಲಿ ನೀರು ಬಂತು. ಕೋರ್ಟು, ಕ್ಲಾಸು, ಪುಸ್ತಕ ಮಾಡದ್ದನ್ನು ನಮ್ಮ ಶ್ರಾವಣ ಮಾಡಿತಲ್ಲ ಎಂದು ಹೆಮ್ಮೆ. ಅವರ ಕೈಯಲ್ಲಿ ನೀರಿನ ಲೋಟ ನಡುಗುತ್ತಿತ್ತು, ಅಂಗಿಯ ಕಾಲರ್ ಒದ್ದೆಯಾಗಿತ್ತು. ಆಗಸ್ಟಿನ ಜಾರ್ಜಿಯಾ, ಹೊರಗೆ ಕಾರು ನಿಲ್ಲಿಸಿ ಬರುವಷ್ಟರಲ್ಲಿ ಯಾರ ಕಾಲರ್ರೂ ಒದ್ದೆಯಾಗುತ್ತದೆ ಎಂದುಕೊಂಡೆ. "ಭಾಳ ಛಲೋ ಮಾಡಿದ್ರಿ ಕಾಕಾ, ಹಿಂಗs ನಡೀಲಿ" ಎಂದು ಬೀಳ್ಕೊಟ್ಟೆ. ಮನೆಗೆ ಹೋಗಿ ನಾಲ್ಕು ಕಾಲಮ್ಮಿನ ಕಾಗದ ಬರೆದೆ. ಹೊಟ್ಟೆ ಕಾಲಮ್ಮಿನಲ್ಲಿ "ಸಂತೋಷ" ಎಂದು ಬರೆದು ಎರಡು ಗೆರೆ ಎಳೆದೆ.

ಗುರುವಾರ ಹತ್ತಕ್ಕೆ ಮೇಡಂ ಅದನ್ನು ಓದುತ್ತಿದ್ದರು. ಅರ್ಧಕ್ಕೆ ಪೆನ್ಸಿಲ್ ನಿಂತಿತು.

"ಲೋಟ ನಡುಗ್ತಿತ್ತು ಅಂತ ಬರೆದಿದೀರಿ."

"ಹೌದು ಮೇಡಂ. ವಯಸ್ಸಾಗಿದೆ."

"ಶ್ರಾವಣಕ್ಕೆ ಮುಂಚೆ ದಿನಾ ಎಷ್ಟು ಕುಡೀತಿದ್ರು?"

"ಒಂದೆರಡು…"

"ಒಂದೆರಡು ಅನ್ನೋದು ಲೆಕ್ಕ ಅಲ್ಲ. ಎಷ್ಟು?"

"ಕೇಳಿಲ್ಲ, ಮೇಡಂ."

ಅವರು ಬೈಯಲಿಲ್ಲ. ಫೋನನ್ನು ನನ್ನ ಕಡೆ ತಳ್ಳಿ, "ಮನೆಗೆ ಮಾಡಿ. ಈಗ. ಸ್ಪೀಕರ್ ಹಾಕಿ" ಎಂದರು. ಅಷ್ಟು ಹೊತ್ತಿಗೆ ನನಗೂ ಹೊಳೆದಿತ್ತು. ದಿನವೂ ತುಂಬ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಬುದ್ಧಿ ಕಲಕಬಹುದು, ಜೀವವೇ ಹೋಗಬಹುದು. ನಿಲ್ಲಿಸುವುದಕ್ಕೂ ಡಾಕ್ಟರು ಬೇಕು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಆದರೆ ಪುಸ್ತಕದ ರೋಗಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿರಲಿಲ್ಲ, ನನ್ನನ್ನು ಮಗಳಿದ್ದಂಗ ಎಂದಿರಲಿಲ್ಲ.

ಫೋನ್ ಎತ್ತಿದ್ದು ಕಾಕಾನ ಹೆಂಡತಿ. "ಮಲಗಾಕ ಒಲ್ಲರ್ರೀ. ಗ್ವಾಡಿ ಮ್ಯಾಲೆ ಇರುವಿ ಸಾಲು ಹೊಂಟಾವ, ಮೈಮ್ಯಾಲೆ ಹತ್ತಾಕತ್ತಾವ ಅಂತಾರ. ನನಗ ಒಂದೂ ಕಾಣವಲ್ವು. ಆದ್ರೂ ಗ್ವಾಡಿಗುಂಟ ಅರಿಷಿಣ ಪುಡಿ ಹಾಕೀನ್ರೀ."

ಮೇಡಂ ಫೋನಿನ ಹತ್ತಿರ ಬಾಗಿದರು. ಒಂದು ಕೈಯಲ್ಲಿ ಇನ್ನೊಂದು ಫೋನ್ ನನಗೆ ಕೊಟ್ಟು, ಮೇಜಿನ ಮೇಲೆ ಬೆರಳಿನಿಂದ ಒಂಬತ್ತು ಒಂದು ಒಂದು ಎಂದು ತೋರಿಸಿದರು. ನಾನು ಕಾರಿಡಾರಿಗೆ ಓಡಿ ಆಂಬುಲೆನ್ಸಿಗೆ ವಿಳಾಸ ಹೇಳುತ್ತಿದ್ದರೆ ಬಾಗಿಲ ಸಂದಿಯಿಂದ ಅವರ ದನಿ ಕೇಳುತ್ತಿತ್ತು. ಅಷ್ಟು ಮೆತ್ತಗಿನ ದನಿ ನಾನು ಅವರ ಬಾಯಲ್ಲಿ ಅದುವರೆಗೆ ಕೇಳಿರಲಿಲ್ಲ.

"ಅರಿಶಿನ ಹಾಕಿದ್ದು ಒಳ್ಳೇದು ಮಾಡಿದ್ರಿ ತಾಯಿ. ಈಗ ಮುಂದಿನ ಬಾಗಿಲು ತೆಗೆದಿಡಿ, ಆಂಬುಲೆನ್ಸ್ ಬರುತ್ತೆ. ಅವರನ್ನ ಮೆಟ್ಟಿಲ ಹತ್ರ ಬಿಡಬೇಡಿ, ಕೆಳಗೇ ಕೂರಿಸಿ. ಇರುವೆ ಇಲ್ಲ ಅಂತ ಜಗಳ ಆಡಬೇಡಿ. ಒಂದು ಮಾತು ಹೇಳಿ, ದೊಡ್ಡ ಬಾಟ್ಲಿ ಎಷ್ಟು ದಿನಕ್ಕೆ ಖಾಲಿ ಆಗ್ತಿತ್ತು?"

ಆ ಕಡೆ ಮೌನ. ಈ ಕಡೆ ಮೇಡಂ ಕೂಡ ಸುಮ್ಮನೆ. ಹೆಬ್ಬೆರಳು ಗೆಣ್ಣುಗಳ ಮೇಲೆ ಸರಿಯುತ್ತಿದ್ದುದನ್ನು ಸಂದಿಯಿಂದ ಕಂಡೆ. ಅಂಥ ಹೊತ್ತಿನಲ್ಲೂ ಎಣಿಸಿದರು.

"ಮೂರು ದಿನಕ್ಕ ಒಂದು ರೀ. ದೊಡ್ಡದು. ವರ್ಕ್ ಫ್ರಮ್ ಹೋಮ್ ಆದಾಗಿಂದ. ನಾನs ಕಸಕ್ಕ ಹಾಕ್ತಿದ್ದೆ. ಯಾರ ಮುಂದ ಹೇಳ್ಲಿ?"

ಆಂಬುಲೆನ್ಸ್ ಬಂದಾಗ ಕಾಕಾಗೆ ಫಿಟ್ಸ್ ಶುರುವಾಗಿತ್ತು. ಐದು ದಿನ ಐಸಿಯುನಲ್ಲಿದ್ದರು. ಬದುಕಿದರು. ಇನ್ನೊಂದೆರಡು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದನ್ನು ಕೇಳಿ ನಾನು ಕ್ಲಿನಿಕ್ಕಿನ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಅತ್ತೆ.

ಫೋನ್ ಮಾಡಿದ ಮಾರನೆಯ ದಿನ, ಶುಕ್ರವಾರ, ರಾಜೀನಾಮೆಯ ಪತ್ರ ಬರೆದುಕೊಂಡು ಹೋದೆ. ನನಗೆ ಈ ಕೆಲಸ ಬೇಡ, ಪರರ ಪ್ರಾಣದ ಮೇಲೆ ಕಲಿಯುವ ವಿದ್ಯೆ ಬೇಡ, ಕೋರ್ಸು ಬಿಡುತ್ತೇನೆ ಎಂದೆ. ಮೇಡಂ ಪತ್ರವನ್ನು ಬಿಡಿಸಿಯೂ ನೋಡದೆ ಪಕ್ಕಕ್ಕಿಟ್ಟು, ಬುಧವಾರದ ನನ್ನ ಕಾಗದವನ್ನೇ ಮುಂದಿಟ್ಟರು.

"ಹೊಟ್ಟೆ ಕಾಲಂ ಮತ್ತೆ ಬರೀರಿ. ಸಂತೋಷ ಅಂತ ಬರೆದಿದೀರಿ. ಅದು ನಾಲ್ಕನೇ ವಾರದ್ದು. ಮೊದಲನೇ ವಾರ ಕೇಳದೆ ಬಿಟ್ರಲ್ಲ, ಆಗ ಏನಿತ್ತು?"

"ಅವರಿಗೆ ಅವಮಾನ ಆಗುತ್ತೆ ಅಂತ…"

ಅವರ ಕೈ ಮಡಿಲಿಗೆ ಇಳಿಯಿತು. ಹೆಬ್ಬೆರಳು ಹೊರಟಿತು. ಎಷ್ಟಕ್ಕೆ ನಾನು ಸೋತೆನೋ ನೆನಪಿಲ್ಲ.

"ನನಗೆ ಅವಮಾನ ಆಗುತ್ತೆ ಅಂತ, ಮೇಡಂ. ಅವರು ನನ್ನನ್ನ ಮಗಳು ಅನ್ನೋದು ನಿಲ್ಲಿಸ್ತಾರೆ ಅಂತ."

"ಹ್ಞಾ. ಅದನ್ನ ಬರೀರಿ."

ಬರೆದೆ. ಅಕ್ಷರ ಕಾಣುತ್ತಿರಲಿಲ್ಲ. ಅವರು ಟಿಶ್ಯೂ ಡಬ್ಬಿಯನ್ನು ಮುಂದೆ ತಳ್ಳಲೂ ಇಲ್ಲ. ಅತ್ತರೆ ಅಳಲಿ ಎಂಬುದು ಅವರ ಕ್ರಮ. ನಾನು ಮುಗಿಸಿದ ಮೇಲೆ ಮೇಜಿನ ಮೇಲಿದ್ದ ಇನ್ನೊಂದು ಕಾಗದ ತಿರುಗಿಸಿ ತೋರಿಸಿದರು. ಆ ಘಟನೆಯ ಬಗ್ಗೆ ಕ್ಲಿನಿಕ್ಕಿಗೂ ಕಾಲೇಜಿಗೂ ಕಳಿಸಬೇಕಾದ ವರದಿ. ತಪ್ಪು ಯಾರಿಂದ ಎಂಬ ಜಾಗದಲ್ಲಿ ಮೊದಲು ಅವರ ಹೆಸರಿತ್ತು, ಅದರ ಕೆಳಗೆ ನನ್ನದು.

"ಮೇಡಂ, ಕೇಳದೆ ಇದ್ದವಳು ನಾನು."

"ನೀವು ಅವರನ್ನ ಕೇಳಲಿಲ್ಲ. ನಾನು ನಿಮ್ಮನ್ನ ಕೇಳಲಿಲ್ಲ. ಮೂರು ವಾರ ನಿಮ್ಮ ಪೇಪರಲ್ಲಿ ಒಂದೆರಡು ಅಂತಿತ್ತು. ಮೂರು ವಾರ ಓದಿ ಸುಮ್ಮನಿದ್ದೆ. ನಮ್ಮ ಕಡೆಯವರು, ಮರ್ಯಾದಸ್ಥರು, ಇರಬಹುದು ಅಂದ್ಕೊಂಡೆ. ನಮಗಿಬ್ಬರಿಗೂ ಒಂದೇ ರೋಗ." ಪೆನ್ಸಿಲನ್ನು ಡಬ್ಬಿಗೆ ಹಾಕಿ, "ಸೋಮವಾರ ಒಂಬತ್ತಕ್ಕೆ ಬನ್ನಿ. ತಡ ಮಾಡಬೇಡಿ" ಎಂದರು.

ಇಪ್ಪತ್ತು ವರ್ಷದ ಹೆಸರನ್ನು ಒಬ್ಬ ವಿದ್ಯಾರ್ಥಿನಿಯ ಹೆಸರಿನ ಮೇಲೆ ಛತ್ರಿಯ ಹಾಗೆ ಹಿಡಿದರು. ಅದನ್ನು ದೊಡ್ಡದು ಮಾಡಲೂ ಇಲ್ಲ, ಆಮೇಲೆಂದೂ ನೆನಪಿಸಲೂ ಇಲ್ಲ. ನಾನು ಇಂದು ಈ ಕೆಲಸದಲ್ಲಿರುವುದು ಆ ಒಂದು ಕಾಗದದಿಂದ. ಇದನ್ನು ಬರೆಯುವಾಗ ಎದೆ ತುಂಬಿ ಬರುತ್ತದೆ, ಬರಲಿ.

ಸೋಮವಾರ ಎಂಟೂವರೆಗೇ ಹೋದೆ. ಚಳಿಗಾಲದ ಹೊತ್ತಿಗೆ, ವಯಸ್ಸು ಏನೇ ಇರಲಿ, ಊರು ಯಾವುದೇ ಇರಲಿ, ಮೊದಲ ಭೇಟಿಯಲ್ಲೇ ದಿನಕ್ಕೆ ಎಷ್ಟು ಎಂದು ಕೇಳುವುದು ಕಲಿತೆ. ಒಂದೆರಡು ಎಂದರೆ, ಅದು ಲೆಕ್ಕ ಅಲ್ಲ ಎನ್ನುವುದನ್ನೂ ಕಲಿತೆ. ಯಾರೂ ಸಿಟ್ಟಾಗಲಿಲ್ಲ. ಕೊನೆಗೂ ಒಬ್ಬರು ಕೇಳಿದರಲ್ಲ ಎಂಬಂತೆ ಹಲವರು ಕುರ್ಚಿಗೆ ಒರಗಿ ಕೂತರು. ಕಾಕಾನನ್ನು ಒಮ್ಮೆ ಅದೇ ಅಂಗಡಿಯಲ್ಲಿ ಕಂಡೆ, ಹೆಂಡತಿಯ ಜೊತೆ ಹೀರೇಕಾಯಿ ಆರಿಸುತ್ತಿದ್ದರು. ನಾನು ಮುಖ ತಿರುಗಿಸಿ ಮುಂದೆ ನಡೆದೆ. ಹಿಂದೆ ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿತ್ತು: "ಓದು ಮುಗಿಸಿದ ಮೇಲೆ ಇವಳಿಗೂ ಜಂಬ ಬಂದಿದೆ." ಆ ದಿನ ಮನೆಗೆ ಬರುವಾಗ ದಾರಿಯುದ್ದಕ್ಕೂ ನಗುತ್ತಲೇ ಗಾಡಿ ಓಡಿಸಿದೆ.

ಹೋದ ವರ್ಷ ಮೇಡಂ ನಿವೃತ್ತರಾಗಿ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಮಗಳ ಮನೆಗೆ ಹೋದರು. ಬೀಳ್ಕೊಡುಗೆಯಲ್ಲಿ ಎಲ್ಲರೂ ಕಾರ್ಡಿನಲ್ಲಿ ಏನೇನೋ ಬರೆದರು. ನಾನು ಸಹಿ ಮಾತ್ರ ಹಾಕಿದೆ. ಬರೆದರೆ ನಾಲ್ಕನೆಯ ಕಾಲಂ ತುಂಬಿ ವಾಪಸು ಕಳಿಸುತ್ತಾರೆ ಎಂಬ ಭಯ.

ಈ ಅಕ್ಟೋಬರಿನಲ್ಲಿ ನನಗೆ ವಾಷಿಂಗ್ಟನ್‌ನಲ್ಲಿ ಎರಡು ದಿನದ ತರಬೇತಿ ಇತ್ತು. ಮುಗಿಸಿ ಒಂದು ಮಧ್ಯಾಹ್ನ ಕೊಲಂಬಿಯಾಕ್ಕೆ ಹೋದೆ. ಮಗಳು ಕೆಲಸಕ್ಕೆ ಹೋಗಿದ್ದರು. ಮೇಡಂಗೆ ಮೊಣಕಾಲಿನ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಅವರ ಅಪ್ಪಣೆಯಂತೆ ನಾನೇ ಚಹಾ ಮಾಡಿದೆ, ಅವರ ಅಳತೆಯಂತೆ ಮೂರು ಚಮಚ ಸಕ್ಕರೆ ಹಾಕಿ.

ಮಾತಾಡುತ್ತಾ ಮಾತಾಡುತ್ತಾ ಅವರ ಕಣ್ಣು ಮುಚ್ಚಿಹೋಗುತ್ತಿತ್ತು. ನೋವಿನ ಮಾತ್ರೆಯಿಂದ ಮಂಪರು ಸಹಜ ಎಂದುಕೊಂಡೆ. ಎಚ್ಚರಾದಾಗಲೆಲ್ಲ ಎದುರಿನ ಗೋಡೆಯ ಗಡಿಯಾರ ನೋಡುತ್ತಿದ್ದರು. ಒಂದು ಸಲ, ಎರಡು ಸಲ. ನಾಲ್ಕನೆಯ ಸಲ ನೋಡಿದಾಗ ಹೊಳೆಯಿತು: ಮುಂದಿನ ಮಾತ್ರೆಯ ಹೊತ್ತು ಕಾಯುತ್ತಿದ್ದಾರೆ, ಆ ಮಾತ್ರೆಯೂ ಕುಡಿತದ ಹಾಗೆ ಚಟ ಹಿಡಿಸುವಂಥದ್ದು. ಪಕ್ಕದ ಸ್ಟೂಲಿನ ಮೇಲೆ ಮಾತ್ರೆಯ ಬಾಟಲಿ, ಅದರ ಲೇಬಲ್ಲು ಗೋಡೆಯ ಕಡೆಗೆ ತಿರುಗಿತ್ತು. ಎರಡು ಸೆಮಿಸ್ಟರ್ ಇವರ ಮುಂದೆ ಕೂತು ಕಲಿತದ್ದೇ ಇಂಥದ್ದನ್ನು ನೋಡುವುದನ್ನು. ಯಾವ ಬಾಟಲಿ ಹಾಗೆ ತಿರುಗುತ್ತದೆ ಎಂದು ನನಗೆ ತೋರಿಸಿಕೊಟ್ಟವರೇ ಇವರು.

ಇವರನ್ನು ಕೇಳುವುದೆ? ನನ್ನ ಹೆಸರಿನ ಮೇಲೆ ತಮ್ಮ ಹೆಸರು ಬರೆದವರನ್ನು? ಚಹಾದ ಲೋಟ ಕೆಳಗಿಟ್ಟೆ. ಕಾಕಾನ ಮುಂದೆ ಕೂತಾಗ ಆದದ್ದೇ ಮತ್ತೆ ಆಗುತ್ತಿತ್ತು, ಅದಕ್ಕಿಂತ ಹತ್ತು ಪಟ್ಟು.

"ಮೇಡಂ, ಆ ಮಾತ್ರೆ ದಿನಕ್ಕೆ ಎಷ್ಟು ತಗೋತೀರಿ?"

ಅವರ ಕಣ್ಣು ಪೂರ್ತಿ ತೆರೆಯಿತು. "ಅದಾ? ನೋವಿದ್ದಾಗ ಒಂದೆರಡು."

"ಒಂದೆರಡು ಅನ್ನೋದು ಲೆಕ್ಕ ಅಲ್ಲ, ಮೇಡಂ."

ಅವರು ನನ್ನನ್ನು ನೋಡಿದರು. ನಾನು ಬಾಯಿ ಬಿಡಲಿಲ್ಲ. ಕೈ ಮಡಿಲಿಗೆ ತಂದು ಹೆಬ್ಬೆರಳನ್ನು ಕಿರುಬೆರಳಿನ ಗೆಣ್ಣಿಗೆ ಒತ್ತಿ ಎಣಿಸತೊಡಗಿದೆ. ಜೀವನದಲ್ಲಿ ಅಷ್ಟು ಉದ್ದದ ಎಣಿಕೆ ನಾನು ಎಣಿಸಿಲ್ಲ. ಅವರ ದೃಷ್ಟಿ ನನ್ನ ಕೈಯ ಮೇಲೆ ಬಿತ್ತು. ಇಪ್ಪತ್ತಾರಕ್ಕೆ ತುಟಿ ಅಲುಗಿತು.

"ಆರು."

"ಡಾಕ್ಟರ್ ಹೇಳಿದ್ದು?"

"ಈ ತಿಂಗಳು ಎರಡಕ್ಕೆ ಇಳಿಸಬೇಕಿತ್ತು. ಇಳಿಸೋಕೆ ಹೋದೆ, ಏರಿಬಿಡ್ತು."

"ಮಗಳಿಗೆ ಗೊತ್ತಾ?"

ತಲೆಯಾಡಿಸಿದರು, ಇಲ್ಲ. ದುಪಟ್ಟಾದ ಅಂಚಿನಲ್ಲಿ ಕಣ್ಣು ಒತ್ತಿಕೊಂಡರು. ಮೇಜಿನ ಮೇಲೆ ಟಿಶ್ಯೂ ಡಬ್ಬಿ ಇತ್ತು. ನಾನು ತಳ್ಳಲಿಲ್ಲ.

ಆಮೇಲೆ ಅವರ ಡಾಕ್ಟರಿಗೆ ಫೋನ್ ಮಾಡಿದೆವು, ಸ್ಪೀಕರ್ ಹಾಕಿ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ನಾಳೆ ಬನ್ನಿ, ಮೆಲ್ಲಗೆ ಇಳಿಸೋಣ ಎಂದರು ಅವರು. ಸಂಜೆ ಮಗಳು ಬಂದ ಮೇಲೆ ಮೇಡಂ ತಾವೇ ಹೇಳಿದರು. ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ ನಿಂತೆ. ಹೊರಡುವಾಗ ವಾಕರ್ ಹಿಡಿದು ಬಾಗಿಲವರೆಗೆ ಬಂದರು. ಹೊಗಳುತ್ತಾರೇನೋ ಎಂದು ಒಂದು ಕ್ಷಣ ಆಸೆಪಟ್ಟೆ. "ಚಹಾಗೆ ಸಕ್ಕರೆ ಕಮ್ಮಿ ಹಾಕಿದ್ರಿ" ಎಂದರು.

ಅವರ ಬಗ್ಗೆ ಬರೆಯಲೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. ಮಾತ್ರೆ ಈಗ ಸೊನ್ನೆಗೆ ಬಂದು ಮೂರು ವಾರ ಎಂದು ಮೊದಲು ಹೇಳಿ, ಆಮೇಲೆ, "ಬರೀರಿ. ಹೆಸರು ಬೇಡ. ಕಳಿಸೋ ಮುಂಚೆ ನನಗೆ ತೋರಿಸಿ" ಎಂದರು. ಇದೇ ಬರಹದ ಮೊದಲ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದೆ. ಅದರಲ್ಲಿ, ಕೊಲಂಬಿಯಾದ ಆ ಮಧ್ಯಾಹ್ನ ಅವರು ಹೇಳಿದ ಸಂಖ್ಯೆಯನ್ನು ನಾನು ನಾಲ್ಕು ಎಂದು ಬರೆದಿದ್ದೆ. ನಮ್ಮ ಮೇಡಂ, ಅಷ್ಟೊಂದು ಯಾಕೆ ಎಂದು ಕೈ ತಾನಾಗಿಯೇ ಇಳಿಸಿತ್ತು.

ನಿನ್ನೆ ಪ್ರತಿ ವಾಪಸು ಬಂತು. ಕಾಗುಣಿತದ ಎರಡು ತಪ್ಪು ತಿದ್ದಿದ್ದರು. ಆ ನಾಲ್ಕನ್ನು ಪೆನ್ಸಿಲಿನಿಂದ ಹೊಡೆದು ಹಾಕಿ, ಪಕ್ಕದ ಖಾಲಿ ಜಾಗದಲ್ಲಿ, ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು: "ಇದು ನಾನು ಹೇಳಿದ್ದಾ, ಹೇಳಬೇಕಾಗಿತ್ತು ಅಂತ ನಿಮಗೆ ಅನ್ನಿಸಿದ್ದಾ? ಆರು."